ಅಡ್ಡಗೆರೆ ಎಂದರೆ ಮೋಡ

ನನ್ನ ಭಾವನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ನನಗೆ ಯಾವಾಗಲೂ ಕಷ್ಟವಾಗುತ್ತಿತ್ತು. "ಸೂರ್ಯನ ಚಿತ್ರ ಬರೀತಾರೆ" ಎಂದರೆ "ಓಹೋ, ಪೇಂಟರ್ರಾ?" ಎನ್ನುತ್ತಿದ್ದರು. "ಅಲ್ಲ, ಆಫೀಸು ಕೆಲಸ, ದಿನಾ ಬೆಳಿಗ್ಗೆ ಬರೀಬೇಕು" ಎಂದರೆ ನನ್ನ ಮುಖವನ್ನೇ ಒಂದು ಥರ ನೋಡುತ್ತಿದ್ದರು. ಒಬ್ಬ ಮಹಾಶಯನಂತೂ, "ದಿನಾ ಅದೇ ಸೂರ್ಯ ತಾನೆ? ಒಂದ್ಸಲ ಬರೆದು ಜೆರಾಕ್ಸ್ ತೆಗೆಸಿದ್ರೆ ಆಗಲ್ವಾ?" ಎಂದ. ಅವನ ಜೊತೆ ನಾನು ಆಮೇಲೆ ಮಾತಾಡಿಲ್ಲ.

ಊರಿನ ಹೊರಗೆ ಗುಡ್ಡದ ಮೇಲೆ ವೀಕ್ಷಣಾಲಯವಿದೆ. ಭಾವ ಅಲ್ಲಿ ಮೂವತ್ತಮೂರು ವರ್ಷ ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ಬರೆದವರು. ಎಲ್ಲರೂ ಅವರನ್ನು 'ಬಿಸಿಲು ಗುಮಾಸ್ತ' ಎನ್ನುತ್ತಿದ್ದರು, ಮುಖದ ಮುಂದೆಯೇ. ಅವರಿಗೆ ಬೇಜಾರಿರಲಿಲ್ಲ. ನಾನು ಅಲ್ಲಿಯೇ ವರ್ಕ್‌ಶಾಪಿನಲ್ಲಿ ಫಿಟ್ಟರ್. ಓದಿದ್ದು ಏಳನೇ ತರಗತಿ. ಅಕ್ಕನ ಗಂಡ ಎಂಬ ಸಲುಗೆಯಲ್ಲಿ ಅವರೇ ಒಂದು ಮಾತು ಹೇಳಿ ಸೇರಿಸಿದ್ದು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಾಗಿ ಇದನ್ನೆಲ್ಲ ಬರೆಯುವಾಗ ಎಲ್ಲಾದರೂ ಬಿಸಿಯಾಗಿ ಕಂಡರೆ ಕಂಡಿತು. ತಣ್ಣಗೆ ಬರೆಯುವಂಥ ವಿಷಯವೂ ಇದಲ್ಲ.

ಭಾವ ದಿನಾ ಬೆಳಿಗ್ಗೆ ಎಂಟೂವರೆಗೆ ಗುಮ್ಮಟದ ಬಾಗಿಲು ಸರಿಸುತ್ತಿದ್ದರು. ದೂರದರ್ಶಕದ ಹಿಂಬದಿಗೆ ಒಂದು ಹಲಗೆ, ಹಲಗೆಯ ಮೇಲೆ ಹಾಳೆ, ಹಾಳೆಯಲ್ಲಿ ಮೊದಲೇ ಅಚ್ಚಾದ ಊಟದ ತಟ್ಟೆಯಗಲದ ಒಂದು ವೃತ್ತ. ಸೂರ್ಯನ ಬಿಂಬ ಆ ವೃತ್ತದೊಳಗೆ ಸರಿಯಾಗಿ ಬಂದು ಕೂರಬೇಕು. ಆಮೇಲೆ ಉಸಿರು ಬಿಗಿಹಿಡಿದು, ಬಿಂಬದಲ್ಲಿ ಕಪ್ಪು ಕಂಡ ಕಡೆಯಲ್ಲೆಲ್ಲ ಪೆನ್ಸಿಲಿನ ಗುರುತು. ಅನುಮಾನ ಬಂದರೆ ಹಾಳೆಯನ್ನು ಸ್ವಲ್ಪ ಅಲ್ಲಾಡಿಸುವುದು. ಚುಕ್ಕೆ ಹಾಳೆಯ ಜೊತೆ ಓಡಿದರೆ ಅದು ಕಾಗದದ ಕೊಳೆ, ನಿಂತಲ್ಲೇ ನಿಂತರೆ ಸೂರ್ಯನದು. ಕೊನೆಗೆ ಎಣಿಕೆ: ಒಂದೊಂದು ಗುಂಪಿಗೆ ಹತ್ತು, ಒಂದೊಂದು ಕಲೆಗೆ ಒಂದು. ಕೂಡಿಸಿ ಬಂದ ಅಂಕಿಯನ್ನು ರಿಜಿಸ್ಟರಿನಲ್ಲಿ ಆ ದಿನದ ಮನೆಯಲ್ಲಿ ಬರೆಯುವುದು.

ಮೋಡವಿದ್ದ ದಿನ ಹನ್ನೊಂದರವರೆಗೆ ಕಾಯುತ್ತಿದ್ದರು. ಆಗಲೂ ಸೂರ್ಯ ಕಾಣದಿದ್ದರೆ ಖಾಲಿ ವೃತ್ತದ ಕೆಳಗೆ 'ಮೋಡ' ಎಂದು ಬರೆದು, ಹೊತ್ತು ಹಾಕಿ, ಸಹಿ ಮಾಡಿ, ರಿಜಿಸ್ಟರಿನಲ್ಲಿ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಸೂರ್ಯ ಚೆನ್ನಾಗಿ ಕಂಡು, ಒಂದೂ ಕಲೆ ಇಲ್ಲದಿದ್ದರೆ ಮಾತ್ರ ಸೊನ್ನೆ. ಈ ಗೆರೆಗೂ ಸೊನ್ನೆಗೂ ಇರುವ ವ್ಯತ್ಯಾಸದ ವಿಷಯದಲ್ಲಿ ಅವರಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಅವರು ರಜೆಯಲ್ಲಿದ್ದಾಗ ಬದಲಿಗೆ ಬಂದವನು ಒಮ್ಮೆ ಮೋಡದ ದಿನ ಸೊನ್ನೆ ಬರೆದಿದ್ದ. ಭಾವ ಅವನನ್ನು ಕ್ಯಾಂಟೀನಿನಲ್ಲಿ ಎಲ್ಲರ ಎದುರಿಗೆ ಹಿಡಿದರು.

"ನಿಮ್ಮ ಮನೆಗೆ ನಾನು ಬಂದೆ ಅಂತಿಟ್ಕೊ. ಬಾಗಿಲು ಹಾಕಿತ್ತು. ವಾಪಸ್ ಹೋಗಿ, ಅವರ ಮನೇಲಿ ಯಾರೂ ಇಲ್ಲ, ಎಲ್ಲಾ ಸತ್ತಿದಾರೆ ಅಂತ ಹೇಳಿದ್ರೆ ಆಗುತ್ತಾ?"

"ಅಷ್ಟಕ್ಕೆಲ್ಲಾ ಸಾಯಿಸ್ತೀರಾ ಸಾರ್?" ಎಂದ ಪಾಪದವನು.

"ನೋಡಲಿಲ್ಲ ಅನ್ನೋದು ಬೇರೆ ಕಣಯ್ಯಾ. ನೋಡ್ದೆ, ಏನೂ ಇರಲಿಲ್ಲ ಅನ್ನೋದು ಬೇರೆ."

ಅವರ ಒಬ್ಬಳೇ ಮಗಳು ಹುಟ್ಟಿದ ದಿನ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದವನು ನಾನು. ಭಾವ ಹಾಳೆ ಮುಗಿಸಿಕೊಂಡು ಒಂಬತ್ತೂವರೆಗೆ ಬಂದರು. "ಇವತ್ತು ಏಳು ಗುಂಪು" ಎಂದರು. ಅಕ್ಕ ಈಗಲೂ ಅದನ್ನು ಹೇಳಿ ಹಂಗಿಸುತ್ತಾಳೆ: "ನಾನಿಲ್ಲಿ ಸಾಯ್ತಾ ಬಿದ್ದಿದ್ರೆ ಇವರು ಅಲ್ಲಿ ಗುಂಪು ಎಣಿಸ್ತಿದ್ರು." ಆ ಮಗುವಿಗೆ ಎಲ್ಲರೂ ಕರೆಯುವ ಹೆಸರು ಚುಕ್ಕಿ ಎಂದೇ ಆಯಿತು.

ಚುಕ್ಕಿ ಗುಮ್ಮಟದಲ್ಲೇ ಬೆಳೆದಳು. ಏಳು ವರ್ಷಕ್ಕೆಲ್ಲ ಅವಳಿಗೆ ಗೆರೆ, ಸೊನ್ನೆ, ಗುಂಪು ಎಲ್ಲ ಬರುತ್ತಿತ್ತು. ಅಪ್ಪ ಹಲಗೆಯ ಮುಂದೆ ನಿಂತರೆ ಇವಳು ಸ್ಟೂಲಿನ ಮೇಲೆ ನಿಂತು, "ಅಪ್ಪಾ, ಅದು ಕೊಳೆ, ಅಲ್ಲಾಡಿಸಿ ನೋಡಿ" ಎನ್ನುವಳು. ಓದಿನಲ್ಲಿ ಬೆಂಕಿ. ನಮ್ಮ ವಂಶದಲ್ಲಿ ಯಾರೂ ಏರದ ಮೆಟ್ಟಿಲು ಏರಿ, ಡಾಕ್ಟರೇಟು ಮುಗಿಸಿ, ಅದೇ ವೀಕ್ಷಣಾಲಯಕ್ಕೆ ವಿಜ್ಞಾನಿಯಾಗಿ ಬಂದಳು. ಗುಮಾಸ್ತನ ಮಗಳು ಮೊದಲ ಮಹಡಿಯ ಕೋಣೆಯಲ್ಲಿ ಕುಳಿತ ದಿನ ನಾನು ವರ್ಕ್‌ಶಾಪಿನವರಿಗೆಲ್ಲ ಸಿಹಿ ಹಂಚಿದೆ. ಭಾವ ನಿವೃತ್ತರಾಗಿ ಆಗ ಎರಡು ವರ್ಷ.

ಅವಳು ಹಿಡಿದ ವಿಷಯ ದೊಡ್ಡದು. ಹಳೆಯ ಕಾಲದಲ್ಲಿ ಭೂಮಿಗೆ ಚಳಿ ಹಿಡಿದದ್ದಕ್ಕೆ ಸೂರ್ಯ ಎಷ್ಟು ಕಾರಣ ಎಂಬುದು. ನನಗೆ ಅರ್ಥವಾಗುವ ಹಾಗೆ ಅವಳೇ ಒಂದು ಭಾನುವಾರ ಹೇಳಿದಳು.

"ಮಾವ, ಮುನ್ನೂರೈವತ್ತು ವರ್ಷದ ಹಿಂದೆ ಸೂರ್ಯನ ಮೇಲೆ ಸುಮಾರು ಎಪ್ಪತ್ತು ವರ್ಷ ಕಲೆ ಕಾಣಿಸಿದ್ದೇ ಅಪರೂಪ. ಅದೇ ಕಾಲದಲ್ಲಿ ಕೆಲವು ದೇಶದಲ್ಲಿ ಎಂಥಾ ಚಳಿ ಅಂದ್ರೆ, ನದಿ ಹೆಪ್ಪುಗಟ್ಟಿ ಜನ ಮೇಲೆ ಓಡಾಡಿದ್ರಂತೆ."

"ಕಲೆ ಕಪ್ಪಲ್ವೇನೇ? ಕಪ್ಪು ಕಮ್ಮಿಯಾದ್ರೆ ಬಿಸಿಲು ಜಾಸ್ತಿಯಾಗಬೇಕು ತಾನೆ?"

"ಎಲ್ಲರೂ ಹಾಗೇ ಅಂದ್ಕೋತಾರೆ. ಕಲೆ ಸುತ್ತಮುತ್ತ ಹೊಳೆಯೋ ತೇಪೆಗಳೂ ಇರ್ತವೆ ಮಾವ. ಕಪ್ಪು ಕಿತ್ಕೊಂಡಿದ್ದಕ್ಕಿಂತ ಅವು ಕೊಡೋದು ಹೆಚ್ಚು. ಕಲೆ ಜಾಸ್ತಿ ಇದ್ರೆ ಸೂರ್ಯ ಚುರುಕಾಗಿದಾನೆ ಅಂತ."

"ಅಷ್ಟು ಹಿಂದಿಂದು ನಿಂಗೆ ಹೇಗೆ ಗೊತ್ತಾಗುತ್ತೆ?"

"ಮರ ಹೇಳುತ್ತೆ. ಸೂರ್ಯ ಮಂಕಾಗಿದ್ದಾಗ ಆಕಾಶದಿಂದ ಬರೋ ಕಿರಣಗಳು ಜಾಸ್ತಿ ಒಳಗೆ ನುಗ್ತವೆ. ಗಾಳೀಲಿ ಒಂದು ಥರದ ಇಂಗಾಲ ಹೆಚ್ಚಾಗುತ್ತೆ. ಮರ ಅದನ್ನ ಕುಡಿದು ಆ ವರ್ಷದ ಉಂಗುರದಲ್ಲಿ ಇಟ್ಕೊಂಡಿರುತ್ತೆ."

ಅವಳ ಲೆಕ್ಕಾಚಾರ ಹೀಗಿತ್ತು. ಮೊದಲು ಅಪ್ಪನ ಮೂವತ್ತಮೂರು ವರ್ಷದ ಅಂಕಿಗಳನ್ನು, ಅದೇ ಆವರಣದ ಉಷ್ಣಮಾಪಕದ ಅಂಕಿಗಳ ಪಕ್ಕದಲ್ಲಿಟ್ಟು, ಕಲೆ ಇಷ್ಟು ಕಡಿಮೆಯಾದರೆ ಚಳಿ ಇಷ್ಟು ಹೆಚ್ಚುತ್ತದೆ ಎಂದು ಕಂಡುಹಿಡಿಯುವುದು. ಆಮೇಲೆ ಅದೇ ಅಳತೆಗೋಲು ಹಿಡಿದು, ಮರಗಳ ಜಾಡಿನಲ್ಲಿ ಸಾವಿರ ವರ್ಷ ಹಿಂದಕ್ಕೆ ಹೋಗುವುದು. ಅಳತೆಗೋಲು ನನ್ನ ಭಾವ! ನನ್ನ ಎದೆ ಉಬ್ಬಿಹೋಯಿತು.

ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಹಾಕಬೇಕಿತ್ತು. ಭಾವ ಆಗಷ್ಟೇ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಆದ್ದರಿಂದ ಎಂಟು ಭಾನುವಾರ ಅಕ್ಕನ ಮನೆಯ ಊಟದ ಮೇಜಿನ ಮೇಲೆ ನಾನು ಓದಿದೆ, ಅವಳು ಒತ್ತಿದಳು.

"ಎಂಬತ್ತಾರು. ತೊಂಬತ್ತೊಂದು. ಗೆರೆ. ಗೆರೆ. ಗೆರೆ."

"ಗೆರೆ ಬಿಡು ಮಾವ, ಖಾಲಿ ಬಿಟ್ಕೊಂಡು ಹೋಗ್ತೀನಿ. ಆಮೇಲೆ ನೋಡ್ಕೋತೀನಿ."

ಒಳಗಿನ ಮಂಚದಿಂದ ಭಾವ ಕೂಗುತ್ತಿದ್ದರು: "ಅದು ಯಾವ ವರ್ಷ ಓದ್ತಿದೀಯಯ್ಯಾ? ಅಷ್ಟೊಂದು ಗೆರೆ ಅಂದ್ರೆ ಗೊತ್ತಾಯ್ತು ಬಿಡು. ಆ ವರ್ಷ ಪೂರ್ತಿ ಮೋಡ. ಸೂರ್ಯ ತುಂಬಾ ಕಲೆ ತುಂಬ್ಕೊಂಡಿದ್ದ ಕಾಲ, ಕಣ್ತುಂಬ ನೋಡೋಕೇ ಆಗಲಿಲ್ಲ. ಸ್ವೆಟರ್ ಬಿಚ್ಚಿರಲಿಲ್ಲ ನಾವು."

ಈ ಮಾತನ್ನು ಚುಕ್ಕಿ ತನ್ನ ಕಿವಿಯಾರೆ ಕೇಳಿದ್ದಾಳೆ. ನಕ್ಕಿದ್ದಾಳೆ ಕೂಡ. ಅದನ್ನು ಇಲ್ಲಿ ಗಟ್ಟಿಯಾಗಿ ಬರೆದಿಡುತ್ತಿದ್ದೇನೆ.

ಮರುವರ್ಷ ಅವಳ ಲೇಖನ ಹೊರಬಿತ್ತು. ಹಳೆಯ ಚಳಿಗಾಲಗಳಿಗೆ ಹೆಚ್ಚುಕಡಿಮೆ ಪೂರ್ತಿ ಸೂರ್ಯನೇ ಕಾರಣ ಎಂದು ಅದರಲ್ಲಿತ್ತಂತೆ. ಪೇಪರಿನಲ್ಲಿ ಫೋಟೋ ಬಂತು, ದೊಡ್ಡ ಸಭೆಗಳಿಗೆ ಕರೆ ಬಂತು. ಅಕ್ಕ ಫೋಟೋ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದಳು. ಭಾವ ಮಾತ್ರ, "ಪೂರ್ತಿ ಅಂದ್ಬಿಟ್ಳಾ? ಬೆಂಕಿಬೆಟ್ಟ ಸಿಡಿದು ಹೊಗೆ ಮುಚ್ಚಿದ್ದೂ ಇರುತ್ತಲ್ಲ?" ಎಂದು ಗೊಣಗಿದರು. "ನಿಮಗೆ ಮಗಳು ಹೇಳಿದ್ದೂ ಸರಿ ಅನ್ನಿಸಲ್ವಾ?" ಎಂದು ಅಕ್ಕ ಗದರಿದಳು.

ಮೂರು ವರ್ಷ ಸುಖವಾಗಿ ಕಳೆಯಿತು. ಆಮೇಲೆ ಒಂದು ದಿನ ವೀಕ್ಷಣಾಲಯದ ಮುಖ್ಯಸ್ಥರಿಂದ ಭಾವನಿಗೆ ರಿಜಿಸ್ಟರ್ಡ್ ಪೋಸ್ಟು ಬಂತು. ನಾನು ಅಲ್ಲೇ ಇದ್ದೆ. ಅಕ್ಕ ಓದಿದಳು.

ಬೇರೆ ದೇಶದಲ್ಲಿ ಒಬ್ಬ ಮುದುಕನಿದ್ದಾನೆ. ಅವನೂ ಭಾವನ ಥರವೇ ಕಲೆ ಬರೆಯುವವನು. ಲೋಕದಲ್ಲಿ ಯಾರು ಯಾರು ದಿನಾ ಎಣಿಸುತ್ತಾರೋ ಅವರೆಲ್ಲರ ಅಂಕಿಗಳನ್ನು ಒಂದಕ್ಕೊಂದು ಹೊಂದಿಸಿ ಇಡುವುದು ಅವನ ಕೆಲಸ. ಚುಕ್ಕಿ ಕಂಪ್ಯೂಟರಿನಿಂದ ಕಳಿಸಿದ್ದ ಅಂಕಿಗಳನ್ನು ನೋಡಿ ಅವನು ಬರೆದು ಕೇಳಿದ್ದ: ಇಂಥ ವರ್ಷ ಸೂರ್ಯ ಕಲೆಗಳಿಂದ ಕಿಕ್ಕಿರಿದಿದ್ದ. ನನ್ನ ಹಾಳೆಯಲ್ಲಿ ಒಂಬತ್ತು ಗುಂಪು ಇರುವ ದಿನ ನಿಮ್ಮ ಅಂಕಿಯಲ್ಲಿ ಸೊನ್ನೆ ಇದೆ. ಒಂದೇ ವರ್ಷದಲ್ಲಿ ಇಂಥ ನೂರ ನಲವತ್ತು ಸೊನ್ನೆ. ನಿಮ್ಮ ವೀಕ್ಷಕ ನಿದ್ದೆ ಮಾಡುತ್ತಿದ್ದನೇ?

ಮುಖ್ಯಸ್ಥರು ಚುಕ್ಕಿಯನ್ನು ಕೇಳಿದ್ದರು. ಅವಳು ಕೊಟ್ಟ ಉತ್ತರದ ನಕಲನ್ನೂ ಜೊತೆಗಿಟ್ಟಿದ್ದರು: ಹಿಂದಿನ ವೀಕ್ಷಕರು ಕಡಿಮೆ ಓದಿದವರು, ಮೋಡಕ್ಕೂ ಕಲೆಯಿಲ್ಲದ ದಿನಕ್ಕೂ ಅಡ್ಡಗೆರೆಯನ್ನೇ ಬಳಸಿದ್ದಾರೆ, ಒಂದು ಪದ್ಧತಿ ಇಲ್ಲ. ಮೂಲ ಹಾಳೆಗಳು ಗೆದ್ದಲು ಹಿಡಿದು ಲಭ್ಯವಿಲ್ಲ. ಈ ಮೂವತ್ತಮೂರು ವರ್ಷದ ದಾಖಲೆಯನ್ನು ಜಗತ್ತಿನ ಎಣಿಕೆಯಿಂದ ಕೈಬಿಡುವುದು ಒಳ್ಳೆಯದು. ಕೆಳಗೆ ಅವಳ ಸಹಿ. ಇದು ನಿಜವೆಂದು ಒಪ್ಪಿ ಭಾವ ಒಂದು ಸಹಿ ಹಾಕಿಕೊಟ್ಟರೆ ವಿಷಯ ಮುಗಿಯುತ್ತದೆ ಎಂದು ಮುಖ್ಯಸ್ಥರ ಮಾತು.

ಭಾವ ಕಾಗದ ಇಸಿದುಕೊಂಡು ತಾವೇ ಇನ್ನೊಮ್ಮೆ ಓದಿದರು. ಹಾಳೆಯನ್ನು ಸ್ವಲ್ಪ ಓರೆ ಮಾಡಿ ಸಹಿಯನ್ನು ನೋಡಿದರು.

"ಇದು ಅವಳದೇ ಸಹಿ" ಎಂದರು. ಅಷ್ಟೇ.

ನನ್ನ ಕೋಪ ನೆತ್ತಿಗೇರಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ಅಲ್ಲವೇ? ಮರುದಿನ ಬೆಳಿಗ್ಗೆ ಕೈಯಲ್ಲಿದ್ದ ಅರ ಬಿಸಾಕಿ, ಗ್ರೀಸು ಮೆತ್ತಿದ ಅಂಗಿಯಲ್ಲೇ ಮೊದಲ ಮಹಡಿ ಹತ್ತಿದೆ.

"ಮಾವ, ಕೂಗಬೇಡ. ಬಾಗಿಲು ಹಾಕ್ತೀನಿ ಇರು."

"ಯಾಕೆ ಹಾಕ್ತೀಯ? ಎಲ್ಲರೂ ಕೇಳ್ಲಿ! ರಿಜಿಸ್ಟರ್ ಓದಿದವನು ನಾನು. ಗೆರೆ ಅಂದಾಗೆಲ್ಲಾ ಖಾಲಿ ಬಿಡ್ತೀನಿ ಅಂದವಳು ನೀನು. ಒಳಗಿಂದ ನಿಮ್ಮಪ್ಪ ಮೋಡ ಮೋಡ ಅಂತ ಬಡ್ಕೊಂಡಿದ್ದು ಗೋಡೆ ಕೇಳಿಸ್ಕೊಂಡಿತಾ?"

ಅವಳು ಬಾಗಿಲು ಹಾಕಿ ಕುಳಿತಳು.

"ಖಾಲಿ ಬಿಟ್ಟೆ. ಕಂಪ್ಯೂಟರ್ ಖಾಲಿ ಇದ್ದಿದ್ದನ್ನೆಲ್ಲ ಸೊನ್ನೆ ಅಂತ ತಗೊಂಡ್ಬಿಡ್ತು. ನಂಗೆ ಆಗ ಗೊತ್ತಾಗಲಿಲ್ಲ ಮಾವ, ಆಣೆಗೂ. ಹೋದ ವರ್ಷ ಗೊತ್ತಾಯ್ತು."

"ಹೋದ ವರ್ಷ?"

"ಮೋಡ ಇದ್ದ ವರ್ಷ ಹೇಗೂ ಚಳಿ ಇರುತ್ತೆ. ಆ ಮೋಡನೆಲ್ಲ ನಾನು ಕಲೆ ಇಲ್ಲದ ದಿನ ಅಂತ ಎಣಿಸಿದೀನಿ. ಕಲೆ ಇಲ್ಲದಿದ್ರೆ ಚಳಿ ಅಂತ ಲೆಕ್ಕ ತಾನಾಗೇ ಚೆನ್ನಾಗಿ ಕೂತ್ಕೊಂಡ್ಬಿಡ್ತು. ಸೂರ್ಯನ ಪಾಲು ಇದೆ ಮಾವ. ಆದ್ರೆ ನಾನು ಹೇಳಿದಷ್ಟಿಲ್ಲ."

"ಗೊತ್ತಾದ ದಿನ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

ಆಗ ಅವಳು ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

"ಅಪ್ಪ ರಿಟೈರ್ ಆಗಿದಾರೆ ಮಾವ. ಅವರಿಗೆ ಹೋಗೋದು ಏನಿದೆ? ನಂಗೆ ಇನ್ನೂ ಇಪ್ಪತ್ತೈದು ವರ್ಷ ಇದೆ."

ನಾನು ಎತ್ತಿ ಆಡಿಸಿದ ಹುಡುಗಿ. ಕೈ ಎತ್ತಿಬಿಡುತ್ತೇನೆಂದು ಹೆದರಿ ಅಲ್ಲಿಂದ ಎದ್ದು ಬಂದೆ.

ಭಾನುವಾರ ಅವಳು ಮನೆಗೆ ಬಂದಳು. ಅಕ್ಕನೇ ಕರೆಸಿದ್ದು. ಅಕ್ಕನ ಲೆಕ್ಕ ಸರಳ: "ಒಂದು ಸಹಿ ತಾನೆ, ಹಾಕಿಬಿಡಿ. ನಿಮ್ಮ ಗೆರೆ ಕಟ್ಕೊಂಡು ಈಗ ಯಾರಿಗೇನು? ಮಗಳ ಮರ್ಯಾದೆಗಿಂತ ದೊಡ್ಡದಾ?" ಚುಕ್ಕಿ ಎದುರಿಗೆ ಕುಳಿತ ಮೇಲೆ ಭಾವ ನಿಧಾನವಾಗಿ ಕೇಳಿದರು.

"ಗೆರೆ ಅಂದ್ರೆ ಏನಮ್ಮಾ?"

ಅವಳು ನೆಲ ನೋಡಿದಳು. ನಾನು ಮನಸ್ಸಿನಲ್ಲೇ, ಹೇಳೇ, ಹೇಳಿಬಿಡೇ ಎನ್ನುತ್ತಿದ್ದೆ. ತಪ್ಪಾಯಿತು ಎಂದಿದ್ದರೆ ಆ ಮನುಷ್ಯ ಅಲ್ಲೇ ಸಹಿ ಹಾಕಿಬಿಡುತ್ತಿದ್ದರೋ ಏನೋ. ಈಗಲೂ ನನಗೆ ಹಾಗೇ ಅನ್ನಿಸುತ್ತದೆ.

"ನಿಮ್ಮ ರಿಜಿಸ್ಟರ್ ನೋಡಿದ್ರೆ ಗೊತ್ತಾಗಲ್ಲ ಅಪ್ಪ."

"ರಿಜಿಸ್ಟರ್ ಬಿಡು. ನಿಂಗೆ ಗೊತ್ತಿಲ್ವಾ?"

"ಚಿಕ್ಕವಳಿದ್ದಾಗ ಏನೋ ಹೇಳಿದ್ರಿ. ಮರ್ತುಹೋಗಿದೆ."

ಭಾವ ತಲೆಯಾಡಿಸಿದರು. "ಸರಿ" ಎಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋದರು. ಆ ಮುಖವನ್ನು ನಾನು ನೋಡಿದೆ. ಅಂಥ ಮುಖ ಯಾವ ಶತ್ರುವಿಗೂ ಬರಬಾರದು.

ಗೆದ್ದಲು ಹಿಡಿದಿದೆ ಎಂದಳಲ್ಲ, ಆ ಹಾಳೆಗಳಿರುವ ಕಬ್ಬಿಣದ ಅಟ್ಟಣಿಗೆಗಳನ್ನು ಬೆಸುಗೆ ಹಾಕಿ ಮಾಡಿದವನೇ ನಾನು. ನೆಲಮಾಳಿಗೆಯಲ್ಲಿ ಗೋಡೆಗೆ ತಾಗದ ಹಾಗೆ, ಕಾಲಿಗೆ ಡಾಂಬರು ಬಳಿದು ನಿಲ್ಲಿಸಿದ್ದೆ. ಸೋಮವಾರ ಮಧ್ಯಾಹ್ನ ಭಾವ ಸ್ಟೋರಿನ ಪುಸ್ತಕದಲ್ಲಿ ಹೆಸರು ಬರೆದು, ನನ್ನ ಜೊತೆ ಕೆಳಗಿಳಿದರು. ಒಂದು ಗೆದ್ದಲೂ ಇಲ್ಲ. ಆ ಒಂದು ವರ್ಷದ ಕಟ್ಟು ಬಿಚ್ಚಿ, ದೀಪದ ಬೆಳಕಿಗೆ ಹಿಡಿದು ನೋಡುತ್ತಾ ಹೋದೆವು. ಖಾಲಿ ವೃತ್ತ, ಕೆಳಗೆ ಮೋಡ, ಹನ್ನೊಂದು ಗಂಟೆ, ಸಹಿ. ಖಾಲಿ ವೃತ್ತ, ಮೋಡ, ಹನ್ನೊಂದು ಗಂಟೆ, ಸಹಿ. ನೂರ ನಲವತ್ತು ಸಲ. ಯಾರೂ ಕೇಳದಿದ್ದರೂ, ಯಾರೂ ನೋಡದಿದ್ದರೂ, ಆ ಮನುಷ್ಯ ನೂರ ನಲವತ್ತು ದಿನ ಚಳಿಯಲ್ಲಿ ಹನ್ನೊಂದರ ತನಕ ಕಾದಿದ್ದಾರೆ.

ಅವುಗಳ ಫೋಟೋ ತೆಗೆಸಿ, ಮುಖ್ಯಸ್ಥರಿಗೂ ಆ ಪರದೇಶದ ಮುದುಕನಿಗೂ ಕಳಿಸಲು ಭಾವ ಕಾಗದ ಬರೆಯಲು ಕುಳಿತರು. ನಾಲ್ಕೇ ಸಾಲು. ಅಡ್ಡಗೆರೆ ಎಂದರೆ ಮೋಡ. ಆ ದಿನ ನಾನು ಸೂರ್ಯನನ್ನು ನೋಡಿಲ್ಲ. ಸೊನ್ನೆ ಎಂದು ನಾನು ಬರೆದಿಲ್ಲ. ಹಾಳೆಗಳು ಚೆನ್ನಾಗಿವೆ.

"ಇಷ್ಟೇನಾ?" ಎಂದೆ. "ಅವಳಿಗೆ ಒಂದು ವರ್ಷದಿಂದ ಗೊತ್ತಿತ್ತು ಅಂತ ಬರೀರಿ ಭಾವ!"

"ಅದು ನಾನು ನೋಡಿದ್ದಲ್ಲ."

"ನಾನು ಕೇಳಿದೀನಲ್ಲ! ನನ್ನೆದುರಿಗೇ ಹೇಳಿದಾಳೆ!"

"ಹಾಗಾದ್ರೆ ನೀನು ಬರಿ" ಎಂದು ಪೆನ್ನು ನನ್ನ ಕಡೆ ಚಾಚಿದರು.

ನಾನು ಪೆನ್ನು ತೆಗೆದುಕೊಳ್ಳಲಿಲ್ಲ. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ. ಕೂಗುವುದು ಸುಲಭ.

ನಾಲ್ಕು ಸಾಲೇ ಸಾಕಾಯಿತು. ಮೂರು ತಿಂಗಳಿಗೆ ಉತ್ತರ ಬಂತು. ಭಾವನ ಮೂವತ್ತಮೂರು ವರ್ಷವೂ ಜಗತ್ತಿನ ಎಣಿಕೆಯಲ್ಲಿ ಹಾಗೆಯೇ ಉಳಿಯಿತು, ಮೋಡದ ದಿನಗಳನ್ನು ಮೋಡವೆಂದೇ ಇಟ್ಟುಕೊಂಡು. ಆ ಮುದುಕ ಕೆಳಗೆ ಕೈಬರಹದಲ್ಲಿ, ನಿದ್ದೆಯ ಮಾತಿಗೆ ಕ್ಷಮಿಸಿ ಎಂದು ಸೇರಿಸಿದ್ದ. ಚುಕ್ಕಿಯ ಲೇಖನವನ್ನು ವಾಪಸ್ ಪಡೆಯಬೇಕಾಯಿತು. ಅಂಕಿ ಸರಿಮಾಡಿ ಹೊಸದಾಗಿ ಲೆಕ್ಕ ಹಾಕಿದವರು ಬೇರೆ ಯಾರೋ. ಅವಳು ಕೆಲಸ ಬಿಟ್ಟು ದೂರದ ಇನ್ನೊಂದು ಊರಿನ ಕಾಲೇಜಿಗೆ ಪಾಠ ಹೇಳಲು ಹೋದಳು. ಹೋಗುವಾಗ ಅಮ್ಮನಿಗೆ ಮಾತ್ರ ಹೇಳಿ ಹೋದಳು.

ಉತ್ತರ ಬಂದ ದಿನ ಅಕ್ಕ ಅದನ್ನು ಓದಿ ಭಾವನ ಕೈಗೆ ಕೊಟ್ಟು, "ತಗೊಳ್ಳಿ, ನಿಮ್ಮ ಮೋಡ ಉಳೀತು" ಎಂದು ಅಡುಗೆಮನೆಗೆ ಹೋದಳು. ನನ್ನ ಜೊತೆ ಆರು ತಿಂಗಳು ಮಾತು ಬಿಟ್ಟಳು. "ನೀನೇ ಅವರನ್ನ ಕೆಳಗೆ ಕರ್ಕೊಂಡು ಹೋಗಿದ್ದು" ಎಂಬುದು ಅವಳ ದೂರು. ನಿಜ, ನಾನೇ.

ಇದೆಲ್ಲ ಆಗಿ ಎರಡು ವರ್ಷವಾಯಿತು. ಭಾವನಿಗೆ ಈಗ ಅರವತ್ತೊಂಬತ್ತು. ಗುಮ್ಮಟಕ್ಕೆ ಹೋಗುವುದಿಲ್ಲ. ಮಗಳ ಮಾತು ಬಂದರೆ, "ಅವಳು ಚೆನ್ನಾಗಿ ಪಾಠ ಮಾಡ್ತಾಳೆ" ಎನ್ನುತ್ತಾರೆ. ಕೇಳಿದ್ದೀರಾ ಎಂದರೆ ಇಲ್ಲ ಎನ್ನುತ್ತಾರೆ. ನೋಡದ್ದನ್ನು ಅವರು ಹೀಗೆ ಹೇಳಿದ್ದು ನನ್ನ ಜನ್ಮದಲ್ಲಿ ಇದೊಂದೇ ವಿಷಯಕ್ಕೆ. ಅವರ ಹುಟ್ಟುಹಬ್ಬಕ್ಕಾದರೂ ಅವಳು ಫೋನು ಮಾಡಬಹುದೆಂದು ಆ ದಿನವೆಲ್ಲ ಹಾಲ್ ಬಿಟ್ಟು ಕದಲುವುದಿಲ್ಲ. ನಾನು ಅವಳನ್ನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. ಪರರು ಮೋಸ ಮಾಡಿದರೆ ಬೈದು ಮರೆಯಬಹುದು. ಇವಳನ್ನು ಬೈಯಲು ಹೋದರೆ ಸ್ಟೂಲಿನ ಮೇಲೆ ನಿಂತ ಮಗು ಅಡ್ಡ ಬರುತ್ತದೆ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು.

ಹೋದ ತಿಂಗಳು ಒಂದು ಸಂಜೆ ಅಕ್ಕ ಅಂಗಡಿಗೆ ಹೋಗಿದ್ದಳು. ಭಾವ ಬಚ್ಚಲಲ್ಲಿದ್ದರು. ಮನೆಯ ಫೋನು ಬಡಿದುಕೊಂಡಿತು. ಎತ್ತಿದೆ. ಹಲೋ ಎಂದೆ. "ಮಾವ, ಅಪ್ಪ ಇದಾರಾ? ಒಂದು ನಿಮಿಷ ಕೊಡ್ತೀಯಾ?" ಎಂದಿತು ಆ ಕಡೆಯ ದನಿ. ಅಳುತ್ತಿದ್ದಳೋ, ನೆಗಡಿಯೋ ಗೊತ್ತಾಗಲಿಲ್ಲ.

ನಾನು ಇಟ್ಟುಬಿಟ್ಟೆ.

ಭಾವ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಯಾರದಯ್ಯಾ ಫೋನು?" ಎಂದು ಕೇಳಿದರು.

"ಯಾರೂ ಇಲ್ಲ ಭಾವ, ರಾಂಗ್ ನಂಬರ್" ಎಂದೆ.

ಅವರು ಟವೆಲು ಹೆಗಲ ಮೇಲೆ ಹಾಕಿಕೊಂಡು, ಫೋನಿನ ಪಕ್ಕದ ಕುರ್ಚಿಯಲ್ಲಿ ಕುಳಿತರು. ನಾನು ಹೇಳಿದ್ದನ್ನು ನಂಬಿದರು. ಒಂದು ತಿಂಗಳಾಯಿತು, ಅವಳು ಮತ್ತೆ ಮಾಡಿಲ್ಲ. ನಾನೂ ಭಾವನಿಗೆ ಇನ್ನೂ ಹೇಳಿಲ್ಲ.